ಪದ ಪರಿಚಯ: ಶೋಧನೆ

‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ತಪ್ಪಿಸು.’ ಮಂಗಳೂರಿನ ಬಲ್ಮಠದಿಂದ ಉಡುಪಿಯವರೆಗೆ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಈ ಸಾಲು ಪ್ರತಿ ಭಾನುವಾರ ಬಾಯಿಗೆ ಬರುತ್ತದೆ. ಅಷ್ಟು ರೂಢಿಯಾಗಿರುವುದರಿಂದ ನಾವು ಏನು ಕೇಳುತ್ತಿದ್ದೇವೆ ಎಂದು ಯೋಚಿಸುವುದು ಕಡಿಮೆ.

ತಪ್ಪು ಎಂದು ಗೊತ್ತಿದ್ದೂ ಮನಸ್ಸು ಆ ಕಡೆಗೇ ಎಳೆಯುತ್ತದಲ್ವಾ, ಅದು ಶೋಧನೆ. ಆ ಎಳೆತ ಬಂದದ್ದೇ ಪಾಪವಲ್ಲ. ಎಷ್ಟೋ ಜನ ಇಲ್ಲೇ ಸುಮ್ನೆ ಕುಗ್ಗಿಹೋಗುತ್ತಾರೆ. ಯೇಸುವಿಗೂ ಶೋಧನೆ ಬಂತು, ಆದರೂ ಅವನು ಪಾಪ ಮಾಡಲಿಲ್ಲ ಎನ್ನುತ್ತದೆ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ, ಎಳೆಯುವುದು ನಮ್ಮದೇ ಆಸೆ ಎಂದು ಯಾಕೋಬನೂ ತನ್ನ ಪತ್ರದಲ್ಲಿ ಬರೆದಿದ್ದಾನೆ.

ಹಾಗಾದರೆ ದೇವರ ಮೇಲೆ ಭರವಸೆ ಇಟ್ಟು ಎದುರಿಸುವುದು ಎಂದರೇನು? ಹಲ್ಲು ಕಚ್ಚಿ ಹೋರಾಡುವುದು ಎಂದು ಕೆಲವರು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಎಲ್ಲ ಅವನೇ ನೋಡಿಕೊಳ್ಳುತ್ತಾನೆ ಎಂದು ಕೈಕಟ್ಟಿ ಕೂರುತ್ತಾರೆ. ಎರಡೂ ಅಲ್ಲ ಎಂಬುದಕ್ಕೆ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೋಡಿ. 40 ದಿನ ಉಪವಾಸವಿದ್ದು ಹಸಿದ ಯೇಸು ಸೈತಾನನಿಗೆ ಮೂರು ಸಲವೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟ. ಆ ಮಾತು ಅವನ ಮನಸ್ಸಿನಲ್ಲಿ ಮೊದಲೇ ಇತ್ತು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದಾಗ, ದೇವರನ್ನು ಪರೀಕ್ಷಿಸಬಾರದು ಎಂದು ನಿಂತಲ್ಲೇ ನಿಂತ. ಮಳೆಗಾಲದಲ್ಲಿ ಸೋಮೇಶ್ವರದ ಕಡಲಿಗೆ ಬೇಕೆಂದೇ ಇಳಿದು ‘ದೇವರೇ ಕಾಪಾಡು’ ಎಂದು ಕೂಗುವುದನ್ನು ಭರವಸೆ ಎನ್ನಲಾದೀತೇ?

ಈ ವಿಷಯದಲ್ಲಿ ನನಗೆ ಅತಿ ಹತ್ತಿರದ ವಚನ ಕೊರಿಂಥದವರಿಗೆ ಬರೆದ ಮೊದಲ ಪತ್ರದ್ದು, 10ನೇ ಅಧ್ಯಾಯದ 13ನೆಯದು. ದೇವರು ನಂಬಿಗಸ್ತ, ನಿಮ್ಮ ಶಕ್ತಿ ಮೀರಿದ ಶೋಧನೆ ಬರಗೊಡುವುದಿಲ್ಲ, ಅದರ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಎನ್ನುತ್ತಾನೆ ಅದನ್ನು ಬರೆದ ಅಪೊಸ್ತಲ ಪೌಲ. ಕೊರಿಂಥ ಎರಡು ಬಂದರುಗಳಿದ್ದ ವ್ಯಾಪಾರದ ಊರು. ಆಸೆ ಹುಟ್ಟಿಸುವುದಕ್ಕೆ ಅಲ್ಲೇನೂ ಕೊರತೆ ಇರಲಿಲ್ಲ. ಅಲ್ಲಿನವರಿಗೆ ಊರು ಬಿಟ್ಟುಹೋಗಿ ಎಂದು ಪೌಲ ಹೇಳಲಿಲ್ಲ. ಆದರೆ ಅದರ ಹಿಂದಿನ ವಚನದಲ್ಲೇ, ನಿಂತಿದ್ದೇನೆ ಎಂದುಕೊಳ್ಳುವವನು ಬೀಳದಂತೆ ನೋಡಿಕೊಳ್ಳಲಿ ಎಂದು ಎಚ್ಚರಿಸಿದ. ನನ್ನಿಂದ ಆಗುವುದಿಲ್ಲ ಎಂದು ಒಪ್ಪಿಕೊಂಡವನೇ ದಾರಿ ಹುಡುಕುತ್ತಾನೆ.

ಆ ದಾರಿ ಹೆಚ್ಚಾಗಿ ತೀರಾ ಸಾಮಾನ್ಯವಾಗಿರುತ್ತದೆ. ಹಳೆ ಒಡಂಬಡಿಕೆಯಲ್ಲಿ, ಯಜಮಾನ ಪೋಟೀಫರನ ಹೆಂಡತಿ ತನ್ನ ಜೊತೆ ಮಲಗು ಎಂದು ಬಟ್ಟೆ ಹಿಡಿದಾಗ ಯೋಸೇಫ ಬಟ್ಟೆಯನ್ನೇ ಬಿಟ್ಟು ಓಡಿದ. ಅದಕ್ಕೆ ಸಿಕ್ಕಿದ್ದು ಸೆರೆಮನೆ, ಆದರೆ ದೇವರು ಅಲ್ಲೂ ಅವನ ಜೊತೆಗಿದ್ದ. ನಮ್ಮಲ್ಲಿ ಕುಡಿತ ಬಿಟ್ಟವರೊಬ್ಬರು ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರವಾದ ರೋಸ್‌ಗೆ ಹೋಗಿ, ಕೈಗೆ ಗ್ಲಾಸ್ ಬರುವ ಮೊದಲೇ ಹಾರೈಸಿ ಮನೆಗೆ ಹೊರಟರೆ ಅದೂ ಆ ದಾರಿಯೇ. ರಾತ್ರಿ ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು ಮಲಗುವುದು, ಬೆಟ್ಟಿಂಗ್ ಆ್ಯಪ್ ತೆಗೆದುಹಾಕುವುದು, ಚಟಕ್ಕೆ ಚಿಕಿತ್ಸೆ ಪಡೆಯುವುದು, ಇವೂ ಅಷ್ಟೇ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆಯಾಯಿತು ಎನ್ನುವವರ ಮಾತು ಕೇಳಬೇಡಿ.

ಪೌಲ ಆ ಪತ್ರ ಬರೆದದ್ದು ಒಬ್ಬನಿಗಲ್ಲ, ಇಡೀ ಸಭೆಗೆ. ಶೋಧನೆಗೆ ಒಂಟಿತನ ಜಾಸ್ತಿ ಇಷ್ಟ. ಆದ್ದರಿಂದ ದೇವರು ತೋರಿಸುವ ದಾರಿ ಎಷ್ಟೋ ಸಲ ಇನ್ನೊಬ್ಬ ಮನುಷ್ಯನೇ. ‘ಅಣ್ಣಾ, ನನಗೆ ಈಗ ಕಷ್ಟ ಆಗ್ತಿದೆ, ಪ್ರಾರ್ಥನೆ ಮಾಡಿ’ ಎಂದು ಫೋನ್ ಮಾಡಬಹುದಾದ ಒಬ್ಬರು ಇರಬೇಕು.

ಬಿದ್ದುಹೋದರೆ? ಕಥೋಲಿಕರು ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವ ಕುಮ್ಸಾರಿಗೆ ಹೋಗುತ್ತಾರೆ, ನಾವು ಆರಾಧನೆಯಲ್ಲಿ ಒಟ್ಟಾಗಿ ಪಾಪದ ಅರಿಕೆ ಮಾಡುತ್ತೇವೆ. ಶಿಷ್ಯನಾದ ಪೇತ್ರ ತನ್ನನ್ನು ಅರಿಯೆನೆಂದು ಹೇಳುತ್ತಾನೆ ಎಂದು ಯೇಸುವಿಗೆ ಮೊದಲೇ ಗೊತ್ತಿತ್ತು. ಆದರೂ ನಿನ್ನ ನಂಬಿಕೆ ಕುಂದದಿರಲಿ ಎಂದು ಬೇಡಿಕೊಂಡಿದ್ದೇನೆ, ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಎಂದು ಅವನಿಗೆ ತಾನು ಸೆರೆಯಾದ ರಾತ್ರಿಯೇ ಕೆಲಸ ಒಪ್ಪಿಸಿದ.