ಹಂಚಿಕೊಳ್ಳಬೇಕಿದ್ದ ಶಾಲೆಗಳು ವಿಲೀನದ ಪಟ್ಟಿಗೆ ಬಂದದ್ದು ಹೇಗೆ

ಕರ್ನಾಟಕದ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಗೋಡೆಯ ಮೇಲಿನ ಬರಹ ಓದಿದರೆ, ಊರಿನ ಹೆಸರಿನ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಹೆಸರೂ ಕಾಣುತ್ತದೆ: ಇಂಥ ಕ್ಲಸ್ಟರ್. ಊರಿನವರು ಆ ಸಾಲನ್ನು ಓದುವುದೇ ಕಡಿಮೆ. ಶಿಕ್ಷಕರಿಗೆ ಮಾತ್ರ ಅದು ಎರಡನೆಯ ವಿಳಾಸ. ತಾಲ್ಲೂಕಿನ ಯಾವುದೋ ತರಬೇತಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಮೇಷ್ಟ್ರುಗಳು ಮೊದಲು ಕೇಳಿಕೊಳ್ಳುವ ಪ್ರಶ್ನೆ, "ನಿಮ್ಮದು ಯಾವ ಕ್ಲಸ್ಟರ್ ಸಾರ್?" ಹತ್ತು ಹದಿನೈದು ಶಾಲೆಗಳು, ಅವುಗಳ ಮಧ್ಯೆ ಕೇಂದ್ರ ಶಾಲೆ ಒಂದು, ಅಲ್ಲೊಂದು ಕೋಣೆ, ಎಲ್ಲ ಶಾಲೆಗಳನ್ನೂ ಸುತ್ತುವ ಒಬ್ಬ ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಇಷ್ಟು ಸೇರಿದರೆ ಒಂದು ಕ್ಲಸ್ಟರ್, ಶಾಲೆಗಳ ಒಂದು ಕೂಡುಕುಟುಂಬ.

ಈಗ ಈ ಕುಟುಂಬದ ಮನೆಗಳನ್ನೆಲ್ಲ ಒಂದೇ ಸೂರಿನಡಿ ತರಬೇಕೆ ಎಂಬ ಜಗಳ ಎದ್ದಿದೆ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು (ಕೆಪಿಎಸ್) 2018-19ರಲ್ಲಿ 176ರಿಂದ ಆರಂಭವಾದವು. ಮರುವರ್ಷ ನೂರು ಸೇರಿದವು. 2025-26ರ ರಾಜ್ಯ ಬಜೆಟ್ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ನೆರವಿನಲ್ಲಿ ಇನ್ನೂ 500 ಶಾಲೆಗಳನ್ನು ಘೋಷಿಸಿತು. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಇವುಗಳತ್ತ ಸೆಳೆಯುವುದಕ್ಕೆ 'ಮ್ಯಾಗ್ನೆಟ್' ಎಂಬ ಹೆಸರೂ ಬಂತು. ಇದು ಶಾಲೆ ಮುಚ್ಚುವ ಹುನ್ನಾರ ಎಂದು ವಿದ್ಯಾರ್ಥಿ ಸಂಘಟನೆಗಳು ಸಹಿ ಸಂಗ್ರಹಕ್ಕೆ ಇಳಿದವು. ಯಾವ ಕನ್ನಡ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದರು. ಎರಡೂ ಕಡೆಯವರು ಕಟ್ಟಡಗಳನ್ನೇ ಎಣಿಸುತ್ತಿದ್ದಾರೆ. ಈ ಶಾಲೆಗಳನ್ನು ಒಂದಕ್ಕೊಂದು ನೆಂಟರನ್ನಾಗಿ ಮಾಡಿದ್ದು ಯಾತಕ್ಕೆ ಎಂಬ ಪ್ರಶ್ನೆ ಈ ಎಣಿಕೆಯಲ್ಲಿ ಕಳೆದುಹೋಗಿದೆ.

ಹೋಬಳಿಗೊಂದು ಒಳ್ಳೆಯ ಶಾಲೆ ಎಂಬ ಮಾತು ನಮ್ಮಲ್ಲಿ ಹೊಸದೇನಲ್ಲ. ಶಾಸನಗಳ ಸಂಗ್ರಾಹಕರೆಂದು ನಾವು ನೆನೆಯುವ ಬಿ.ಎಲ್. ರೈಸ್ ಮೈಸೂರು ಸೀಮೆಯ ಶಿಕ್ಷಣ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದಾಗ, 1868ರಲ್ಲಿ, ಹೋಬಳಿ ಶಾಲೆಗಳ ಯೋಜನೆಯೊಂದನ್ನು ಮುಂದಿಟ್ಟಿದ್ದರು. ಕೂಲಿ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ತರಬೇತಿ ಕೊಟ್ಟು ಅವರನ್ನೇ ಸರ್ಕಾರಿ ಮೇಷ್ಟ್ರುಗಳನ್ನಾಗಿ ಮಾಡುವ ಆಲೋಚನೆ ಅದರಲ್ಲಿತ್ತು. ಆಗಿನ ಕೊರತೆ ಶಾಲೆಯದು, ಹೋಬಳಿಗೆ ಒಂದಾದರೂ ಇರಲಿ ಎಂಬುದು ಆಸೆ. ಒಂದೂವರೆ ಶತಮಾನದ ನಂತರ ಅದೇ ಹೋಬಳಿಯ ಹೆಸರಿನಲ್ಲಿ ಮಾತು ತಿರುವುಮುರುವಾಗಿದೆ. ಶಾಲೆಗಳು ಹೆಚ್ಚಾಗಿವೆ, ಒಂದು ಗಟ್ಟಿಯಾಗಿದ್ದರೆ ಸಾಕು ಎನ್ನುತ್ತಿದ್ದಾರೆ.

ಕ್ಲಸ್ಟರ್‌ನ ಬೀಜ ಇರುವುದು ಇಡೀ ದೇಶದ ಶಿಕ್ಷಣವನ್ನು ಪರಿಶೀಲಿಸಿದ ಕೊಠಾರಿ ಆಯೋಗದ ವರದಿಯಲ್ಲಿ. 1964ರಿಂದ 66ರವರೆಗೆ ಕೆಲಸ ಮಾಡಿದ ಆ ಆಯೋಗ ಹಳ್ಳಿ ಶಾಲೆಗಳ ಒಂಟಿತನವನ್ನು ದೊಡ್ಡ ರೋಗವೆಂದು ಗುರುತಿಸಿತು. ಒಂದು ಪ್ರೌಢಶಾಲೆ, ಅದರ ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳು, ಅವುಗಳ ಸುತ್ತಲಿನ ಕಿರಿಯ ಶಾಲೆಗಳು ಸೇರಿ ಒಂದು ಶಾಲಾ ಸಂಕೀರ್ಣವಾಗಬೇಕು, ಮುಖ್ಯೋಪಾಧ್ಯಾಯರು ಕೂಡಿ ಯೋಜಿಸಬೇಕು ಎಂದಿತು. ಎಲ್ಲರಿಗೂ ಕೊಡಲಾಗದ ಪ್ರಯೋಗಾಲಯ, ಒಳ್ಳೆಯ ಗ್ರಂಥಾಲಯ, ವಿಶೇಷ ವಿಷಯದ ಶಿಕ್ಷಕರನ್ನು ಕೇಂದ್ರದಲ್ಲಿಟ್ಟು ಹಂಚಿಕೊಳ್ಳಬೇಕು ಎಂಬುದು ಅದರ ತಿರುಳು. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ರಜೆ ಹಾಕಿದರೆ ಬದಲಿಗೆ ಹೋಗಲು ಕಾಯ್ದಿರಿಸಿದ ಶಿಕ್ಷಕರಿರಬೇಕು ಎಂಬಷ್ಟು ಸಣ್ಣ ಸಂಗತಿಯವರೆಗೂ ಆ ಚಿಂತನೆ ಇಳಿದಿತ್ತು. ಆಯೋಗದ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್ ಕೊಲ್ಲಾಪುರದ ಕಡೆಯವರು. 1930ರ ದಶಕದಲ್ಲಿ ಬಳ್ಳಾರಿ ಜೈಲು ಕಂಡು, ಆಮೇಲೆ ಧಾರವಾಡ ಸಮೀಪದ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮ ಸುಧಾರಣೆಯ ಕೆಲಸ ಮಾಡಿದವರು. ಹಳ್ಳಿಯ ಮೇಷ್ಟ್ರ ಒಂಟಿತನ ಅವರಿಗೆ ಕಡತದಿಂದ ತಿಳಿಯಬೇಕಿರಲಿಲ್ಲ.

ವರದಿ ಬಹುಕಾಲ ಕಪಾಟಿನಲ್ಲೇ ಉಳಿಯಿತು. ಕರ್ನಾಟಕದಲ್ಲಿ ಕ್ಲಸ್ಟರ್‌ಗೆ ಜೀವ ಬಂದದ್ದು 1990ರ ದಶಕದ ನಡುವೆ, ಡಿಪಿಇಪಿ ಎಂದು ಶಿಕ್ಷಕರ ಬಾಯಲ್ಲಿ ಇಂದಿಗೂ ಉಳಿದಿರುವ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ. ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು, ಆಮೇಲೆ ಇತರ ಜಿಲ್ಲೆಗಳು. ತಾಲ್ಲೂಕಿಗೆ ಒಂದು ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಸಮೂಹ ಸಂಪನ್ಮೂಲ ಕೇಂದ್ರಗಳು. ಅದುವರೆಗೆ ಶಾಲೆಗೆ ಹೊರಗಿನಿಂದ ಬರುತ್ತಿದ್ದವರು ಇನ್‌ಸ್ಪೆಕ್ಟರ್ ಸಾಹೇಬರು. ಅವರು ಬರುವ ಸುದ್ದಿ ಸಿಕ್ಕರೆ ಹಿಂದಿನ ದಿನವೇ ಅಂಗಳ ಗುಡಿಸಿ, ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಲಾಗುತ್ತಿತ್ತು. ಸಿಆರ್‌ಪಿ ಹಾಗಲ್ಲ. ಅವರು ಶಿಕ್ಷಕರ ನಡುವಿನಿಂದಲೇ ಆಯ್ಕೆಯಾಗಿ ಬಂದ ಶಿಕ್ಷಕರು. ಪಕ್ಕದ ಬೆಂಚಿನಲ್ಲಿ ಕುಳಿತು ಪಾಠ ನೋಡಿ, ಬೇಕಾದರೆ ತಾವೇ ಒಂದು ಪಾಠ ಮಾಡಿ ತೋರಿಸಬೇಕಾದವರು.

ಶಾಲೆಯಿಂದ ಶಾಲೆಗೆ ಹಬ್ಬುವ ಕಲಿಕೆ ಏನು ಮಾಡಬಲ್ಲದು ಎಂಬುದಕ್ಕೆ ಅದೇ ಕಾಲದ ನಲಿ ಕಲಿ ಸಾಕ್ಷಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರ ಗುಂಪೊಂದು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂತು. ಊರಿಗೆ ಮರಳಿ ಕಾರ್ಡುಗಳನ್ನು ಬರೆದರು, ಕಲಿಕಾ ಏಣಿ ಕಟ್ಟಿದರು, ಕೋಣೆಗೆ ತಂತಿಯ ಚಪ್ಪರ ಎಳೆದು ಮಕ್ಕಳ ಕೆಲಸಗಳನ್ನು ತೂಗುಹಾಕಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಆದೇಶವಾಗಿ ಬಂದಾಗ ಅದರ ಸೊಗಸು ಒಂದಿಷ್ಟು ಸೋರಿಹೋಯಿತು ಎನ್ನುವವರಿದ್ದಾರೆ, ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಮೂಲದಲ್ಲಿ ಅದು ಸಣ್ಣ ಶಾಲೆಗಳಿಗೆಂದೇ ಹುಟ್ಟಿದ ವಿಧಾನ ಎಂಬುದನ್ನು, ಸಣ್ಣ ಶಾಲೆಗಳೇ ದಂಡ ಎನ್ನುವ ಈ ದಿನಗಳಲ್ಲಿ, ನೆನಪಿಡಬೇಕು.

ಕ್ಲಸ್ಟರ್ ಅಂದರೆ ಏನೆಂದು ಊರಿನವರಿಗೆ ಕಾಣಿಸುವುದು ವರ್ಷಕ್ಕೊಮ್ಮೆ, ಪ್ರತಿಭಾ ಕಾರಂಜಿಯ ದಿನ. ಈ ಶತಮಾನದ ಆರಂಭದ ವರ್ಷಗಳಲ್ಲಿ ಶುರುವಾದ ಈ ಸ್ಪರ್ಧೆ ಕ್ಲಸ್ಟರ್‌ನಲ್ಲಿ ಹುಟ್ಟಿ ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಅದರ ನಿಜವಾದ ಗದ್ದಲ ಇರುವುದು ಮೊದಲ ಮೆಟ್ಟಿಲಿನಲ್ಲೇ. ಟೆಂಪೋದಲ್ಲಿ, ಬೈಕಿನ ಹಿಂದೆ, ನಡೆದುಕೊಂಡು ಮಕ್ಕಳು ಬಂದಿಳಿಯುತ್ತಾರೆ. ಒಂದು ಕೋಣೆಯಲ್ಲಿ ಕಂಠಪಾಠ, ಇನ್ನೊಂದರಲ್ಲಿ ಮಣ್ಣಿನ ಮಾದರಿ, ವರಾಂಡದಲ್ಲಿ ರಂಗೋಲಿ, ಅಂಗಳದ ಶಾಮಿಯಾನದ ಕೆಳಗೆ ಛದ್ಮವೇಷ. ಕತ್ತಿಗೆ ಬೆಳ್ಳಿ ಕಾಗದ ಸುತ್ತಿದ ಕಿತ್ತೂರು ಚನ್ನಮ್ಮ ತನ್ನ ಸರದಿಗೆ ಕಾಯುತ್ತಾ ಕಡಲೆಮಿಠಾಯಿ ತಿನ್ನುತ್ತಿರುತ್ತಾಳೆ. ಅವಳ ಪಕ್ಕದಲ್ಲಿ ಗಡ್ಡ ಜಾರುತ್ತಿರುವ ಪುಟ್ಟ ಋಷಿಯೊಬ್ಬ. ಆತಿಥೇಯ ಶಾಲೆಯ ಬಿಸಿಯೂಟದ ಅಕ್ಕಂದಿರು ಅಂದು ತಮ್ಮ ಶಾಲೆಯ ಲೆಕ್ಕ ಬಿಟ್ಟು ಇಡೀ ಕ್ಲಸ್ಟರ್‌ನ ಮಕ್ಕಳಿಗೆ ಅಡುಗೆ ಮಾಡುತ್ತಾರೆ. ಪಾಯಸದ ಬೆಲ್ಲಕ್ಕೆ ಊರಿನ ದಾನಿಯೊಬ್ಬರ ಹೆಸರು ಮೈಕಿನಲ್ಲಿ ಹೇಳಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತೀರ್ಪಿನ ತಕರಾರು ಏಳದಿದ್ದರೆ ಅದು ಕಾರಂಜಿಯೇ ಅಲ್ಲ, ಏಕೆಂದರೆ ತೀರ್ಪುಗಾರರೂ ಅದೇ ಕ್ಲಸ್ಟರ್‌ನ ಮೇಷ್ಟ್ರುಗಳು. ಆರು ಮಕ್ಕಳ ಶಾಲೆಯ ಹುಡುಗಿ ಇನ್ನೂರು ಮಕ್ಕಳ ಶಾಲೆಯವರನ್ನು ಭಾವಗೀತೆಯಲ್ಲಿ ಸೋಲಿಸುವುದು ಇಲ್ಲಿ ಅಪರೂಪವಲ್ಲ.

ಇನ್ನೊಂದು ಕೂಟ ತಿಂಗಳಿನದು, ಸಮಾಲೋಚನಾ ಸಭೆ. ಶಿಕ್ಷಕರು ಒಂದೆಡೆ ಸೇರಿ, ಭಿನ್ನರಾಶಿ ಮಕ್ಕಳ ತಲೆಗೆ ಹತ್ತದಿದ್ದರೆ ಏನು ಮಾಡಿದೆವು ಎಂದು ಹೇಳಿಕೊಳ್ಳಲೆಂದು ಇದ್ದ ಜಾಗ. ಆದರೆ ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ಮಾಹಿತಿಯ ಹಸಿವು ಬೆಳೆಯುತ್ತಾ ಬಂತು. ಹಾಜರಾತಿ, ಸಮವಸ್ತ್ರ, ಹಾಲಿನ ಪುಡಿ, ಶೌಚಾಲಯ, ಮಕ್ಕಳ ವಿವರ ದಾಖಲಿಸುವ ಎಸ್‌ಎಟಿಎಸ್ ನೋಂದಣಿ, ಎಲ್ಲಕ್ಕೂ ನಮೂನೆ. ಮೊಬೈಲ್ ಬಂದ ಮೇಲೆ 'ಇಂದು ಸಂಜೆ ಐದರೊಳಗೆ' ಎಂಬ ಸಂದೇಶಗಳು. ಪಾಠ ಮಾಡಿ ತೋರಿಸಬೇಕಿದ್ದ ಸಿಆರ್‌ಪಿ ಇಲಾಖೆಯ ಅಂಚೆಯವರಾದರು. ಶಾಲೆಗಳ ನೆಂಟಸ್ತನ ಉಳಿಯಿತು, ಆದರೆ ಅದರ ಮಾತುಕತೆಯ ವಿಷಯ ಬದಲಾಯಿತು.

ಇದೇ ಹೊತ್ತಿನಲ್ಲಿ ಪಾಲಕರಿಗೂ ಒಂದು ಬಾಗಿಲು ತೆರೆದಿತ್ತು. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ರಚನೆಯಾಯಿತು. ಹಳೆಯ ಗ್ರಾಮ ಶಿಕ್ಷಣ ಸಮಿತಿಯಲ್ಲಿ ಊರಿನ ಪ್ರಮುಖರ ಪಾರುಪತ್ಯವಿತ್ತು. ಹೊಸದರಲ್ಲಿ ಮಕ್ಕಳನ್ನು ಆ ಶಾಲೆಗೇ ಕಳಿಸುವ ತಂದೆ ತಾಯಿ ಕುಳಿತರು. ಕೂಲಿ ಬಿಟ್ಟು ಸಭೆಗೆ ಬರಬೇಕಾದ ತಾಯಂದಿರಿಂದ ಖಾಲಿ ಪುಟಕ್ಕೆ ಸಹಿ ಹಾಕಿಸಿಕೊಂಡ ಕಥೆಗಳೂ ಇವೆ, ಕಾಂಪೌಂಡು ಕಟ್ಟಿಸಿ, ಶಿಕ್ಷಕರ ನಿಯೋಜನೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಬಾಗಿಲು ತಟ್ಟಿದ ಸಮಿತಿಗಳೂ ಇವೆ. ನನಗೆ ಮುಖ್ಯವೆನಿಸುವ ಕೊರತೆ ಬೇರೆ. ಎಸ್‌ಡಿಎಂಸಿ ಇರುವುದು ಒಂದೊಂದು ಶಾಲೆಗೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರಿಗೆ ಸಭೆಯಿದೆ, ಮಕ್ಕಳಿಗೆ ಕಾರಂಜಿಯಿದೆ, ಪಾಲಕರಿಗೆ ಆಯ್ಕೆಯಾದ ಪೀಠವಿಲ್ಲ. ಹಾಗಾಗಿ ಹತ್ತು ಶಾಲೆಗಳ ಹಣೆಬರಹ ಒಟ್ಟಿಗೆ ಬರೆಯುವ ಹೊತ್ತಿಗೆ ಪ್ರತಿ ಊರೂ ಒಂಟಿಯಾಗಿ ನಿಂತು ಮಾತಾಡಬೇಕಾಗುತ್ತದೆ.

ಆ ಹೊತ್ತು ಹಲವು ಸಲ ಬಂದಿದೆ. ಕಿಲೋಮೀಟರಿಗೊಂದು ಕಿರಿಯ ಪ್ರಾಥಮಿಕ ಶಾಲೆ ಎಂಬ ಹಂಬಲ ಬಹುಮಟ್ಟಿಗೆ ಈಡೇರುವಷ್ಟರಲ್ಲಿ, ಹುಟ್ಟುವ ಮಕ್ಕಳು ಕಡಿಮೆಯಾದರು, ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಹಳ್ಳಿಗಳಿಗೆ ಬಂದವು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ ಬೆನ್ನಲ್ಲೇ, 2011ರ ಸುಮಾರಿಗೆ, ಬೆರಳೆಣಿಕೆಯ ಮಕ್ಕಳಿರುವ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಮಾತು ಎದ್ದು ದೊಡ್ಡ ಪ್ರತಿಭಟನೆ ನಡೆಯಿತು. 2018ರ ಜುಲೈನ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಒಂದು ಕಿಲೋಮೀಟರ್ ವ್ಯಾಪ್ತಿಯ 28,847 ಪ್ರಾಥಮಿಕ ಶಾಲೆಗಳನ್ನು 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾಪ ಮಾಡಿದರು. ಸಾಹಿತಿಗಳು ಸಿಟ್ಟಾದರು. ಅದೇ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗ 2019ರ ಜನವರಿಯ ಧಾರವಾಡ ಸಾಹಿತ್ಯ ಸಮ್ಮೇಳನದ ವೇದಿಕೆಯಿಂದ ಅಧ್ಯಕ್ಷ ಚಂದ್ರಶೇಖರ ಕಂಬಾರರು ಆಕ್ಷೇಪಿಸಿದರು. ವಿಲೀನ ಹೇಳಿದ ಪ್ರಮಾಣದಲ್ಲಿ ನಡೆಯಲಿಲ್ಲ. ಆದರೆ ಪಟ್ಟಿ ತಯಾರಾಗಿತ್ತು, ಮತ್ತು ಇಲಾಖೆಯಲ್ಲಿ ಒಮ್ಮೆ ತಯಾರಾದ ಪಟ್ಟಿ ಸುಲಭಕ್ಕೆ ಕಳೆದುಹೋಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೊಠಾರಿಯವರ ಸಂಕೀರ್ಣವನ್ನು ಮತ್ತೆ ಹೊರತೆಗೆಯಿತು. ಐದರಿಂದ ಹತ್ತು ಕಿಲೋಮೀಟರ್ ಸುತ್ತಮುತ್ತಲಿನ ಶಾಲೆಗಳ ಗುಂಪು, ಹಂಚಿಕೊಂಡ ಶಿಕ್ಷಕರು, ಹಂಚಿಕೊಂಡ ಸೌಲಭ್ಯ. ಜೊತೆಗೆ ಸಣ್ಣ ಶಾಲೆಗಳನ್ನು ನಡೆಸುವುದು ದುಬಾರಿ ಎಂಬ ರಾಗವೂ ಅದರಲ್ಲಿತ್ತು. ಅದೇ ವರ್ಷದ ಕೊರೊನಾ ಕಾಲ ಇದಕ್ಕೆ ಅಡ್ಡವಾಗಿ ಇನ್ನೊಂದು ಚಿತ್ರ ತೋರಿಸಿತು. ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನಗಳಲ್ಲಿ ಮಕ್ಕಳ ಸಣ್ಣ ಗುಂಪುಗಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಮಕ್ಕಳು ಶಾಲೆಗೆ ಬರಲಾಗದಿದ್ದಾಗ ಶಿಕ್ಷಕರೇ ಊರಿಂದೂರಿಗೆ ಹೋಗಬಲ್ಲರು ಎಂಬುದು ಆಗ ಆಡಳಿತಕ್ಕೂ ಗೊತ್ತಾಯಿತು.

ಕುತೂಹಲದ ಸಂಗತಿಯೆಂದರೆ, ರಾಷ್ಟ್ರೀಯ ನೀತಿ ಬೇಡವೆಂದು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ರಾಜ್ಯ ಶಿಕ್ಷಣ ಆಯೋಗ ರಚಿಸಿದ ಸರ್ಕಾರವೇ ಈಗ ದೊಡ್ಡ ಶಾಲೆಯ ಮಂತ್ರ ಜಪಿಸುತ್ತಿದೆ. ನೀತಿಯ ಹೆಸರು ಬದಲಾದರೂ ಲೆಕ್ಕಾಚಾರ ಬದಲಾಗುವುದಿಲ್ಲ ಎಂದಾಯಿತು.

ಕೆಪಿಎಸ್ ಪರವಾದ ವಾದ ಹುಸಿಯೇನಲ್ಲ. ಒಂದರಿಂದ ಐದರವರೆಗೆ ಒಬ್ಬರೇ ಮೇಷ್ಟ್ರು, ಆ ಮೇಷ್ಟ್ರಿಗೇ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸ ಇರುವ ಶಾಲೆಗೆ ಮಗುವನ್ನು ಕಳಿಸಿ ಎಂದು ಯಾರನ್ನೂ ಒತ್ತಾಯಿಸಲಾಗದು. ಎಲ್‌ಕೆಜಿ, ಇಂಗ್ಲಿಷ್ ಮಾಧ್ಯಮದ ವಿಭಾಗ, ವಿಷಯಕ್ಕೊಬ್ಬ ಶಿಕ್ಷಕರು ಎಂದರೆ ಪಾಲಕರು ಸಾಲುಗಟ್ಟುತ್ತಾರೆ. ಖಾಸಗಿ ಶಾಲೆಯ ಶುಲ್ಕ ಕಟ್ಟಲಾರದ ಮನೆಗೆ ಇದು ದೊಡ್ಡ ಆಸರೆ.

ತೊಡಕು ಇರುವುದು ದಾರಿಯಲ್ಲಿ. ಬಯಲುಸೀಮೆಯ ಮೂರು ಕಿಲೋಮೀಟರ್ ಬೇರೆ, ಮಲೆನಾಡಿನ ಮೂರು ಕಿಲೋಮೀಟರ್ ಬೇರೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಆರು ವರ್ಷದ ಮಗುವನ್ನು ದೂರದ ಶಾಲೆಗೆ ಕಳಿಸುವ ಪ್ರತಿ ಆದೇಶದ ಜೊತೆ ವಾಹನ, ಚಾಲಕ, ಇಂಧನದ ಹಣ, ಮಳೆಗಾಲದ ದಾರಿ ಇರಲೇಬೇಕು. ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಬಸ್ಸಿಗೆ ಪ್ರತಿ ತಿಂಗಳೂ ಕೊಡಬೇಕು. ಎಂಟನೆಯ ತರಗತಿಯವರಿಗೆ 2006-07ರಿಂದ ಕೊಡುತ್ತಿದ್ದ ಸೈಕಲ್ ಯೋಜನೆ ಹೇಗೆ ಸದ್ದಿಲ್ಲದೆ ನಿಂತುಹೋಯಿತು ಎಂಬುದನ್ನು ಕಂಡ ಪಾಲಕರು ಬಸ್ಸಿನ ಭರವಸೆಯನ್ನು ಅನುಮಾನದಿಂದ ನೋಡಿದರೆ ತಪ್ಪು ಹೇಳಲಾಗದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಬಸ್ಸು ಎರಡು ದಿನ ಬಾರದಿದ್ದರೆ ಮೂರನೆಯ ದಿನದ ತೀರ್ಮಾನ ಮನೆಯಲ್ಲೇ ಆಗಿಬಿಡುತ್ತದೆ.

ಕೊಠಾರಿ ಆಯೋಗ ಹೇಳಿದ್ದರಲ್ಲಿ ಒಂದು ಭಾಗ ನಮ್ಮಲ್ಲಿ ಸರಿಯಾಗಿ ಪರೀಕ್ಷೆಗೇ ಒಳಗಾಗಿಲ್ಲ: ಮಕ್ಕಳ ಬದಲು ಶಿಕ್ಷಕರು ಓಡಾಡುವುದು. ದೈಹಿಕ ಶಿಕ್ಷಣ, ಚಿತ್ರಕಲೆ, ಸಂಗೀತದ ಶಿಕ್ಷಕರಿಲ್ಲದ ಪ್ರಾಥಮಿಕ ಶಾಲೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ನಿಯೋಜನೆ ಎಂಬ ಹೆಸರಿನಲ್ಲಿ ಶಿಕ್ಷಕರನ್ನು ಈಗಲೂ ಕಳಿಸುತ್ತಾರೆ, ಆದರೆ ಅದು ಎಲ್ಲೋ ಶಾಲೆ ಬಾಗಿಲು ಹಾಕುವ ಸ್ಥಿತಿ ಬಂದಾಗ ಮಾಡುವ ತೇಪೆ. ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು ಎಂದು ಕ್ಲಸ್ಟರ್‌ಗೆ ಒಂದು ವೇಳಾಪಟ್ಟಿ, ಓಡಾಡುವವರಿಗೆ ಪ್ರಯಾಣ ಭತ್ಯೆ, ರಜೆಯ ಬದಲಿಗೆ ಇಬ್ಬರು ಶಿಕ್ಷಕರು, ಸಿಆರ್‌ಪಿಯ ಮಾಹಿತಿ ಕೆಲಸಕ್ಕೆ ಒಬ್ಬ ಗುಮಾಸ್ತ. ಇಷ್ಟನ್ನು ಜಿಲ್ಲೆಗೆ ಒಂದೆರಡು ಕ್ಲಸ್ಟರ್‌ಗಳಲ್ಲಿ ಮೂರು ವರ್ಷ ನಡೆಸಿ ನೋಡಿದ ಮೇಲೆ, ಆಗಲೂ ಮಕ್ಕಳಿಲ್ಲದ ಶಾಲೆ ಯಾವುದು ಎಂಬ ಪಟ್ಟಿಯನ್ನು ಆಯಾ ಊರಿನ ಎಸ್‌ಡಿಎಂಸಿಗಳ ಜೊತೆ ಕುಳಿತು ಮಾಡಬಹುದು.