ಲೂಪ್ ತಿರುಗುತ್ತಿರುವಾಗ ಮನೋಧರ್ಮಕ್ಕೆ ಜಾಗವೆಲ್ಲಿ?

ಪ್ರಶ್ನೆ: ಈಚೆಗೆ ಪೋಲೆಂಡಿನ ಹೊಸ ಜಾಝ್ ಕೇಳುತ್ತಿದ್ದೇನೆ. ಟ್ರಂಪೆಟ್, ಕ್ಲಾರಿನೆಟ್ ಜೊತೆಗೆ ಸಿಂಥಸೈಜರ್, ಲೂಪ್ (ಸುತ್ತಿ ಸುತ್ತಿ ಬರುವ ಮುದ್ರಿತ ತುಣುಕು), ಹಿಂದೆಲ್ಲೋ ತೇಲುತ್ತಿರುವ ಆಂಬಿಯೆಂಟ್ ನಾದ. ಅರ್ಧ ಸಂಗೀತ ಯಂತ್ರದಿಂದಲೇ ಬರುವಾಗ ಇದನ್ನು ಮನೋಧರ್ಮ ಸಂಗೀತ, ಅಂದರೆ ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಸಂಗೀತ, ಅನ್ನಬಹುದೇ? ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಹಾಕಿಕೊಂಡು ಅದರ ಮೇಲೆ ನುಡಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆಯೇ?

ಉತ್ತರ: ಇದೆ. ಸ್ವಲ್ಪ ಗಮನ ಕೊಟ್ಟರೆ ಕಿವಿಗೇ ಗೊತ್ತಾಗುತ್ತದೆ. ವಾದಕ ದಾರಿ ಬದಲಿಸಿದಾಗ ಯಂತ್ರದ ನಾದವೂ ಬದಲಾಗುತ್ತದೆಯೇ ಎಂಬುದನ್ನು ನೋಡಬೇಕು. ಟ್ರ್ಯಾಕ್ ಆದರೆ ಬದಲಾಗುವುದಿಲ್ಲ, ವಾದಕನೇ ಅದರ ಹಿಂದೆ ಹೋಗಬೇಕು. ಪೋಲೆಂಡಿನ ಒಳ್ಳೆಯ ತಂಡಗಳಲ್ಲಿ ಎಲೆಕ್ಟ್ರಾನಿಕ್ಸ್ ಕೂಡ ಒಂದು ವಾದ್ಯ. ಅದನ್ನು ನುಡಿಸುವವರು ಉಳಿದವರನ್ನು ಕೇಳಿಸಿಕೊಂಡು ಅಲ್ಲೇ ನಿರ್ಧಾರ ತೆಗೆದುಕೊಳ್ಳುತ್ತಾರೆ, ಆ ನಿರ್ಧಾರ ಕೆಡುವುದೂ ಉಂಟು.

ಲೂಪ್ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕ್ಲಾರಿನೆಟ್ ವಾದಕನ ಕಾಲ ಬಳಿ ಲೂಪ್ ಪೆಡಲ್ ಇರುತ್ತದೆ. ಒಮ್ಮೆ ತುಳಿದರೆ ಮುದ್ರಣ ಶುರು. ಮತ್ತೊಮ್ಮೆ ತುಳಿದರೆ ಅಲ್ಲಿಯವರೆಗೆ ನುಡಿಸಿದ ತುಣುಕು ಸುತ್ತತೊಡಗುತ್ತದೆ. ನಿಮಿಷಕ್ಕೆ 100 ಬಡಿತದ ಕಾಲಪ್ರಮಾಣದಲ್ಲಿ 16 ಬಡಿತದ ತುಣುಕಿಗೆ 9.6 ಸೆಕೆಂಡ್ ಬೇಕು. ಎರಡನೇ ತುಳಿತ ಕಾಲು ಸೆಕೆಂಡ್ ತಡವಾದರೆ ಲೂಪಿನ ಬಾಲದಲ್ಲಿ ಒಂದು ಖಾಲಿ ಉಳಿದು ಪ್ರತಿ ಸುತ್ತಿಗೂ ಅಲ್ಲೇ ಎಡವುತ್ತದೆ. ಆಗ ಅಳಿಸಿ ಮತ್ತೆ ಕಟ್ಟಬಹುದು, ಇಲ್ಲವೇ ಆ ಎಡವುವಿಕೆಯನ್ನೇ ಲಯವಾಗಿ ಒಪ್ಪಿಕೊಂಡು ಮುಂದುವರಿಯಬಹುದು. ಸಭಿಕರ ಮುಂದೆ ಅದನ್ನು ತೀರ್ಮಾನಿಸಲು ಸಿಗುವುದು ಒಂದೆರಡು ಸುತ್ತು ಮಾತ್ರ.

ಆಮೇಲೆ ಎರಡನೇ ಪದರ, ಮೂರನೆಯದು. ಹಳೆಯ ಪದರ ಎಷ್ಟು ಉಳಿಯಬೇಕು ಎಂಬುದನ್ನು ಫೀಡ್‌ಬ್ಯಾಕ್ ಮಟ್ಟ ನಿರ್ಧರಿಸುತ್ತದೆ. ಅದನ್ನು ಶೇ. 100ಕ್ಕೆ ಇಟ್ಟರೆ ನುಡಿಸಿದ್ದು ಯಾವುದೂ ಮಾಸುವುದಿಲ್ಲ. ನಾಲ್ಕೈದು ಪದರವಾಗುವಷ್ಟರಲ್ಲಿ ಮಧ್ಯಸ್ಥಾಯಿ ಕೆಸರಾಗಿ ಹೊಸ ಸ್ವರಕ್ಕೆ ಜಾಗವೇ ಇರುವುದಿಲ್ಲ. ಶೇ. 70ಕ್ಕೆ ಇಳಿಸಿದರೆ ಆರು ಸುತ್ತಿನಲ್ಲಿ ಮೊದಲ ಪದರದ ಮಟ್ಟ ಶೇ. 12ರ ಆಸುಪಾಸಿಗೆ ಬರುತ್ತದೆ. 9.6 ಸೆಕೆಂಡಿನ ಲೂಪಿನಲ್ಲಿ ಇದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಹಾಗಾಗಿ ಈಗ ನುಡಿಸಿದ ಸ್ವರ ಇನ್ನರ್ಧ ನಿಮಿಷದಲ್ಲಿ ಯಾವುದರ ಪಕ್ಕ ಕೂರುತ್ತದೆ ಎಂಬುದನ್ನು ವಾದಕ ಈಗಲೇ ಅಂದಾಜು ಮಾಡಿಕೊಂಡಿರಬೇಕು. ಪೋಸ್ನಾನ್‌ನಲ್ಲಿ ಹುಟ್ಟಿದ ಕ್ಲಾರಿನೆಟ್ ವಾದಕ ವಾತ್ಸ್ವಾಫ್ ಜಿಂಪೆಲ್ ಅವರ 2016ರ ‘ಲೈನ್ಸ್’ ಆಲ್ಬಮ್ ಪೂರ್ತಿ ಈ ಅಂದಾಜಿನ ಮೇಲೆ ನಿಂತಿದೆ. ಅವರೊಬ್ಬರೇ ಪದರದ ಮೇಲೆ ಪದರ ಕಟ್ಟುತ್ತ ಹೋಗುತ್ತಾರೆ.

ಈ ಜಾಣ್ಮೆ ಪೋಲೆಂಡಿನಲ್ಲಿ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಅದರ ಒಂದು ಕೊಂಡಿ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ ಇದೆ. ಟ್ರಂಪೆಟ್ ವಾದಕ ತೊಮಾಶ್ ಸ್ತಾನ್ಕೊ ತಾಜ್ ಮಹಲಿನಲ್ಲೂ ಲೋನಾವಳದ ಹತ್ತಿರದ ಕಾರ್ಲಾ ಗುಹೆಗಳಲ್ಲೂ ಒಂಟಿಯಾಗಿ ನುಡಿಸಿ ಮುದ್ರಿಸಿಕೊಂಡ ಆಲ್ಬಮ್ 1980ರದು. ಕಾರ್ಲಾದ ಚೈತ್ಯಗೃಹ (ಬೌದ್ಧರ ಪ್ರಾರ್ಥನಾ ಮಂದಿರ) ಬಂಡೆಯಲ್ಲಿ ಕೊರೆದದ್ದು, ಸುಮಾರು 38 ಮೀಟರ್ ಉದ್ದ. ಅಲ್ಲಿ ಊದಿದ ಸ್ವರ ಬೇಗ ಅಳಿಯುವುದಿಲ್ಲ. ಮುಂದಿನ ಸ್ವರ ಬರುವಾಗ ಹಿಂದಿನದು ಇನ್ನೂ ಗಾಳಿಯಲ್ಲಿ ಇರುತ್ತದೆ, ಎರಡೂ ಸೇರಿ ತಾವಾಗಿಯೇ ಮೇಳವಾಗುತ್ತವೆ. ಬೀಬಾಪ್ ಎಂಬ ವೇಗದ ಜಾಝ್ ಶೈಲಿಯಲ್ಲಿ ಅರ್ಧ ಸೆಕೆಂಡಿಗೊಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಿಸಿದರೆ ಇಂಥ ಜಾಗದಲ್ಲಿ ಬರೀ ಗದ್ದಲ. ಒಂದೇ ಸ್ವರಸಮೂಹದೊಳಗೆ ಉಳಿದು, ಚಿಕ್ಕ ವಾಕ್ಯ ಊದಿ, ಕಾಯಬೇಕು. ಸ್ವರವನ್ನು ತಡವಾಗಿ ಮರುನುಡಿಸುವ ಡಿಲೇ, ಅನುರಣನ ಕೂಡಿಸುವ ರಿವರ್ಬ್ ಯಂತ್ರಗಳೂ ಇದೇ ಶಿಸ್ತನ್ನು ಕೇಳುತ್ತವೆ. ರಾಗಸಂಗೀತದ ಕಿವಿಗೆ ಈ ಜಾಝ್ ಬೇಗ ಒಲಿಯುವುದಕ್ಕೆ ಇದೇ ಕಾರಣ ಎಂದು ನಮ್ಮ ನಂಬಿಕೆ: ಆಧಾರ ನಾದ ನಿಂತಿರುತ್ತದೆ, ಚಲನೆ ಅದರ ಮೇಲಿರುತ್ತದೆ.

ಸ್ತಾನ್ಕೊಗೆ ಈ ತಾಳ್ಮೆ ಬಂದ ಮೂಲ ಇನ್ನೂ ಹಿಂದಿನದು. ಪಿಯಾನೊ ವಾದಕ, ಸಿನಿಮಾ ಸಂಗೀತಗಾರ ಕ್ಷಿಶ್ತೋಫ್ ಕೊಮೆದಾ ‘ಆಸ್ಟಿಗ್ಮ್ಯಾಟಿಕ್’ ಆಲ್ಬಮ್ ಮುದ್ರಿಸಿದ್ದು 1965ರ ಡಿಸೆಂಬರಿನಲ್ಲಿ, ವಾರ್ಸಾದಲ್ಲಿ. ಅದರಲ್ಲಿ ಟ್ರಂಪೆಟ್ ಊದಿದ ಸ್ತಾನ್ಕೊಗೆ ಆಗ 23 ವರ್ಷ. ಅದೇ ವಾರ್ಸಾದಲ್ಲಿ ಪೋಲಿಷ್ ರೇಡಿಯೊ 1957ರಲ್ಲಿ ಯುಜೆಫ್ ಪಾತ್ಕೋವ್ಸ್ಕಿ ಮುಂದಾಳ್ತನದಲ್ಲಿ ಎಕ್ಸ್‌ಪರಿಮೆಂಟಲ್ ಸ್ಟುಡಿಯೊ ತೆರೆದಿತ್ತು. ಮ್ಯಾಗ್ನೆಟಿಕ್ ಟೇಪ್ ಕತ್ತರಿಸಿ, ಅಂಟಿಸಿ, ವೇಗ ಬದಲಿಸಿ ಸಂಗೀತ ಕಟ್ಟುವ ಜಾಗ ಅದು. ಅಲ್ಲಿ ಧ್ವನಿ ಎಂಜಿನಿಯರುಗಳು ಸಂಯೋಜಕರ ಸರಿಸಮಕ್ಕೆ ದುಡಿದರು. ಆ ಸ್ಟುಡಿಯೊದಲ್ಲಿ ಪಳಗಿದ ತಾದೇವುಶ್ ಸುದ್ನಿಕ್ ಮುಂದೆ 80ರ ದಶಕದಲ್ಲಿ ಸ್ತಾನ್ಕೊ ಅವರ ‘ಫ್ರೀಲೆಕ್ಟ್ರಾನಿಕ್’ ತಂಡ ಸೇರಿ ವೇದಿಕೆಯ ಮೇಲೆ ಎಲೆಕ್ಟ್ರಾನಿಕ್ಸ್ ನುಡಿಸಿದರು. ಜೊತೆಗೆ ಕೀಬೋರ್ಡಿನಲ್ಲಿ ಯಾನುಶ್ ಸ್ಕೋವ್ರೊನ್, ಬಾಸ್‌ನಲ್ಲಿ ವಿತೋಲ್ದ್ ಶ್ಚುರೆಕ್. 1987ರ ಮೊಂತ್ರೋ ಉತ್ಸವದಲ್ಲಿ ಅವರು ಕೊಟ್ಟ ಕಛೇರಿ ಆಲ್ಬಮ್ಮಾಗಿ ಸಿಗುತ್ತದೆ. ಗಮನಿಸಬೇಕಾದ್ದು, ಅಲ್ಲಿ ಡ್ರಮ್ಸ್ ಇಲ್ಲ. ಲಯ ಹಿಡಿಯುವ ಕೆಲಸ ಬಾಸ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ ಹಂಚಿಹೋಗಿದೆ, ಹಾಗಾಗಿ ಲಯ ಹಿಗ್ಗಬಹುದು, ಕುಗ್ಗಬಹುದು.

ಈಗಿನ ತಂಡಗಳನ್ನು ಒಂದೇ ಗೂಟಕ್ಕೆ ಕಟ್ಟಲಾಗದು. ವ್ರೊತ್ಸ್ವಾಫ್ ನಗರದ ‘ಮಿಕ್ರೊಕೊಲೆಕ್ತಿಫ್’ನಲ್ಲಿ ಇಬ್ಬರೇ: ಟ್ರಂಪೆಟ್‌ನ ಆರ್ತುರ್ ಮಯೆವ್ಸ್ಕಿ, ಡ್ರಮ್ಸ್‌ನ ಯಾಕುಬ್ ಸುಖಾರ್. ಇಬ್ಬರೂ ತಮ್ಮ ವಾದ್ಯದ ಜೊತೆಗೇ ಎಲೆಕ್ಟ್ರಾನಿಕ್ಸ್ ನಿಭಾಯಿಸುತ್ತಾರೆ. ಷಿಕಾಗೊದ ಹಳೆಯ ಜಾಝ್ ಸಂಸ್ಥೆ ಡೆಲ್ಮಾರ್ಕ್ ಅವರ ‘ರೀವಿಸಿಟ್’ ಆಲ್ಬಮ್ಮನ್ನು 2010ರಲ್ಲಿ ಹೊರತಂದಿತು. ಅದೇ ಊರಿನ ಇ.ಎ.ಬಿ.ಎಸ್. ತಂಡ 2017ರಲ್ಲಿ ಕೊಮೆದಾ ರಚನೆಗಳನ್ನು ಹಿಪ್‌ಹಾಪ್ ನಡೆಯ ಡ್ರಮ್ಸ್, ಸಿಂಥ್‌ಗಳೊಂದಿಗೆ ಮತ್ತೆ ಕಟ್ಟಿತು. ಅದರ ನಾಲ್ವರು ಸೇರಿ ನಡೆಸುವ ‘ಬ್ವೊತೊ’ 2020ರ ‘ಎರೋಜ್ಯೆ’ಯಿಂದ ಹೆಸರಾಯಿತು. ಗ್ದಾನ್ಸ್ಕ್‌ನ ‘ಪಿಂಕ್ ಫ್ರಾಯ್ಡ್’ ದಾರಿ ಇದಕ್ಕೆ ಉಲ್ಟಾ: ಬ್ರಿಟನ್ನಿನ ಎಲೆಕ್ಟ್ರಾನಿಕ್ ಜೋಡಿ ಆಟೆಕರ್ ಯಂತ್ರದಲ್ಲಿ ಕಟ್ಟಿದ ರಚನೆಗಳನ್ನು 2016ರಲ್ಲಿ ಬಾಸ್, ಡ್ರಮ್ಸ್, ಊದುವಾದ್ಯಗಳಿಗೆ ಇಳಿಸಿ ನುಡಿಸಿದರು. ಯಂತ್ರ ಸುಸ್ತಾಗದೆ ಹೊಡೆಯುವ ಪೆಟ್ಟನ್ನು ಮನುಷ್ಯನ ಕೈ ಹೊಡೆಯುವಾಗ ಬರುವ ಬಿಸಿ ಆ ಮುದ್ರಣದಲ್ಲಿ ಕೇಳುತ್ತದೆ.

ನಿಮ್ಮ ಅನುಮಾನ ಪೂರ್ತಿ ಸರಿಯಾಗುವ ಜಾಗವೂ ಒಂದಿದೆ. ‘ಸ್ಕಾಲ್ಪೆಲ್’ ಜೋಡಿ 2004ರಲ್ಲಿ ನಿಂಜಾ ಟ್ಯೂನ್ ಎಂಬ ರೆಕಾರ್ಡ್ ಸಂಸ್ಥೆಯ ಮೂಲಕ ತಂದ ಆಲ್ಬಮ್ ಹಳೆಯ ಪೋಲಿಷ್ ಜಾಝ್ ರೆಕಾರ್ಡುಗಳ ತುಣುಕುಗಳಿಂದ ಹೆಣೆದದ್ದು. ಅದು ಸ್ಟುಡಿಯೊ ಕಸುಬು, ಸೊಗಸಾದ ಕಸುಬು. ಅಲ್ಲಿ ಮನೋಧರ್ಮ ಹುಡುಕಬಾರದು. ಹಾಗೆಯೇ ಹಾನಿಯಾ ರಾನಿಯವರ ಪಿಯಾನೊ ಆಲ್ಬಮ್ಮುಗಳನ್ನು ಅಂಗಡಿಗಳು ಜಾಝ್ ಸಾಲಿನಲ್ಲಿ ಇಟ್ಟರೂ, ಅವುಗಳ ಬೇರು ಜಾಝ್‌ಗಿಂತ ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿದೆ.

ಕನ್ನಡದ ಕೇಳುಗರಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ‘ಸಾಗರ’ ತಂಡ. ಜಿಂಪೆಲ್ ಜೊತೆ ಬೆಂಗಳೂರಿನ ಘಟ ವಿದ್ವಾನ್ ಗಿರಿಧರ ಉಡುಪ, ಪಿಟೀಲಿನಲ್ಲಿ ಮೈಸೂರು ಎನ್. ಕಾರ್ತಿಕ್, ತವಿಲಿನಲ್ಲಿ ಕೆ. ರಾಜ, ಜೊತೆಗೆ ಖಂಜಿರ. ಮೊದಲ ಆಲ್ಬಮ್ 2015ರದು, ಎರಡನೆಯದು 2017, ಮೂರನೆಯದು 2024. ಮೊದಲನೆಯದು ಬಹುಪಾಲು ವಾದ್ಯಗಳದ್ದೇ ನಾದ. ಮುಂದಿನವುಗಳಲ್ಲಿ ಎಲೆಕ್ಟ್ರಾನಿಕ್ಸ್ ಗಟ್ಟಿಯಾಗುತ್ತ ಹೋಗುತ್ತದೆ. 2023ರಲ್ಲಿ ಜಿಂಪೆಲ್ ಮತ್ತು ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಶ್ಯಾಕಲ್ಟನ್ ಸೇರಿ ತಂದ ‘ಇನ್ ದ ಸೆಲ್ ಆಫ್ ಡ್ರೀಮ್ಸ್’ನಲ್ಲಿ ಹಾಡಿದವರು ನಮ್ಮ ಹಿಂದುಸ್ತಾನಿ ಗಾಯಕ ಸಿದ್ಧಾರ್ಥ ಬೆಳ್ಮಣ್ಣು.

ಇಂಥ ಮೇಳದಲ್ಲಿ ಏನೇನು ಕೆಡಬಹುದು ಎಂದು ನೋಡಿದರೆ, ಯಂತ್ರಕ್ಕೆ ಎಷ್ಟು ಕಿವಿ ಬೇಕು ಎಂಬುದು ಅರ್ಥವಾಗುತ್ತದೆ.

ಮೊದಲ ತೊಡಕು ತಾಳದ್ದು. ಸ್ವರ, ಪೆಟ್ಟುಗಳನ್ನು ಹೆಜ್ಜೆ ಹೆಜ್ಜೆಯಾಗಿ ಸುತ್ತಿಸುವ ಯಂತ್ರವಾದ ಸೀಕ್ವೆನ್ಸರ್‌ಗಳಲ್ಲಿ ಬಹುತೇಕದ ಹೆಜ್ಜೆ 16. ಆದಿತಾಳಕ್ಕೆ ಅದು ತಾನಾಗಿ ಹೊಂದುತ್ತದೆ. ಏಳು ಎಣಿಕೆಯ ಮಿಶ್ರಚಾಪುವಿಗೆ, ಎಣಿಕೆಗೆ ಎರಡು ಹೆಜ್ಜೆಯಂತೆ, ಉದ್ದವನ್ನು 14ಕ್ಕೆ ಕಡಿಮೆ ಮಾಡಬೇಕು. ಮರೆತು 16ರಲ್ಲೇ ಬಿಟ್ಟರೆ ಯಂತ್ರ ಮತ್ತು ಖಂಜಿರ ಸಮದಲ್ಲಿ ಮತ್ತೆ ಕೂಡುವುದು 112 ಹೆಜ್ಜೆಗಳ ನಂತರ, ಅಂದರೆ ಯಂತ್ರದ 7 ಸುತ್ತು, ತಾಳದ 8 ಆವರ್ತ ಮುಗಿದ ಮೇಲೆ. ಗೊತ್ತಿದ್ದೇ ಬಿಟ್ಟರೆ ಅದು ಚೆಂದದ ಲೆಕ್ಕಾಚಾರ. ಗೊತ್ತಿಲ್ಲದೆ ಬಿಟ್ಟರೆ ಮುಕ್ತಾಯ ಎಲ್ಲಿ ಇಳಿಸುವುದೆಂದು ಲಯವಾದ್ಯದವರು ಪರದಾಡುತ್ತಾರೆ.

ಎರಡನೆಯದು ಸೋರಿಕೆ, ಇದೇ ದೊಡ್ಡದು. ತವಿಲ್ ಪಕ್ಕದಲ್ಲಿರುವಾಗ ಕ್ಲಾರಿನೆಟ್‌ನ ಮೈಕ್ ತವಿಲನ್ನೂ ಹಿಡಿಯುತ್ತದೆ, ಆ ಪೆಟ್ಟು ಲೂಪಿನೊಳಗೆ ಸೇರುತ್ತದೆ. ನಿಮಿಷಕ್ಕೆ 100 ಇದ್ದ ನಡೆ ಹುರುಪಿನಲ್ಲಿ 101ಕ್ಕೆ ಏರಿತೆನ್ನಿ. 16 ಬಡಿತ ಈಗ 9.5 ಸೆಕೆಂಡಿನಲ್ಲಿ ಮುಗಿಯುತ್ತದೆ, ಲೂಪ್ ಮಾತ್ರ 9.6ರಲ್ಲೇ ಇದೆ. ಒಂದೇ ಸುತ್ತಿನ ಕೊನೆಗೆ ಸೆಕೆಂಡಿನ ಹತ್ತನೇ ಒಂದರಷ್ಟು ಅಂತರ. ಲೂಪಿನ ತವಿಲ್ ಪೆಟ್ಟು, ಕೈಯ ತವಿಲ್ ಪೆಟ್ಟು ಎರಡಾಗಿ ಕೇಳುತ್ತವೆ. ವಾದ್ಯಕ್ಕೇ ಅಂಟಿಸುವ ಚಿಕ್ಕ ಮೈಕ್ ಬಳಸಿದರೆ ಸೋರಿಕೆ ತಗ್ಗುತ್ತದೆ. ಆದರೆ ಅದನ್ನು ಕ್ಲಾರಿನೆಟ್‌ನ ಕೆಳತುದಿಯ ಅಗಲವಾದ ಬಾಯಿ ಬಳಿ ಒಂದೇ ಕಡೆ ಇಟ್ಟರೆ ತೀರ ಕೆಳಗಿನ ಸ್ವರಗಳು ಮಾತ್ರ ದಪ್ಪವಾಗಿ ಬರುತ್ತವೆ, ಉಳಿದ ನಾದ ಹೊರಡುವುದು ಬೆರಳಿನ ರಂಧ್ರಗಳಿಂದ. ಆದ್ದರಿಂದ ಎರಡು ಮೈಕ್ ಬೇಕು. ಲಯವಾದ್ಯದವರ ಕಿವಿಗೆ ಕ್ಲಿಕ್ (ಯಂತ್ರದ ಸಮ ಬಡಿತ) ಕೊಡುವುದು ಇನ್ನೊಂದು ದಾರಿ. ಅದರಿಂದ ಲೂಪ್ ಲಯಕ್ಕೆ ಕೂರುತ್ತದೆ, ಆದರೆ ನಡೆಯ ಉಸಿರಾಟ ಹೋಗುತ್ತದೆ. ನಮಗೆ ಒಪ್ಪಿಗೆಯಾಗುವ ದಾರಿ ಮೂರನೆಯದು: ಲಯವಾದ್ಯ ಶುರುವಾಗುವ ಮೊದಲೇ, ಪೆಟ್ಟಿಲ್ಲದ ನೀಳ ಸ್ವರಗಳನ್ನಷ್ಟೇ ಲೂಪಿಗೆ ಹಾಕುವುದು. ಅಂಚು ಇಲ್ಲದ ನಾದ ಹತ್ತನೇ ಒಂದು ಸೆಕೆಂಡ್ ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆಂಬಿಯೆಂಟ್ ನಾದ ಜೀವಂತ ತಾಳವಾದ್ಯದ ಜೊತೆ ಇಷ್ಟು ಚೆನ್ನಾಗಿ ಹೊಂದುವುದರ ಹಿಂದೆ ಸೌಂದರ್ಯದ ಜೊತೆಗೆ ಈ ಕಾರಣವೂ ಇದೆ.

ಮೂರನೆಯದು ಶ್ರುತಿ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಊದುವಾದ್ಯದ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ ಇದು ಚಿಕ್ಕದು. ಆದರೆ ಎ.ಸಿ. ಸಭಾಂಗಣದಲ್ಲಿ ತಣ್ಣಗಿನ ಕ್ಲಾರಿನೆಟ್‌ನಲ್ಲಿ ಕಟ್ಟಿದ ಲೂಪಿನ ಮೇಲೆ, 5 ಡಿಗ್ರಿ ಬಿಸಿಯಾದ ಅದೇ ವಾದ್ಯವನ್ನು ಊದಿದರೆ 15 ಸೆಂಟ್ ವ್ಯತ್ಯಾಸ ಬರುತ್ತದೆ. 440 ಹರ್ಟ್ಸ್ ಬಳಿ ಅದು ಸೆಕೆಂಡಿಗೆ ಸುಮಾರು ನಾಲ್ಕು ಸಲ ಅಲುಗುವ ಕಂಪನ. ಮೊದಲ ಲೂಪಿಗೆ ಮುಂಚೆ ವಾದ್ಯವನ್ನು ಚೆನ್ನಾಗಿ ಬಿಸಿ ಮಾಡಿಕೊಳ್ಳುವುದೇ ಮದ್ದು. ಘಟದ ಶ್ರುತಿಯಂತೂ ಆವೆಯಲ್ಲಿ ಸುಟ್ಟಾಗಲೇ ಹೆಚ್ಚುಕಡಿಮೆ ಗಟ್ಟಿಯಾಗಿರುತ್ತದೆ, ಆದ್ದರಿಂದ ಸಿಂಥ್ ಅನ್ನೇ ಘಟಕ್ಕೆ ಹೊಂದಿಸಬೇಕು. ಹನ್ನೆರಡು ಅರ್ಧ ಸ್ವರಗಳನ್ನೂ ಸಮವಾಗಿ ಹಂಚಿದ ಸಿಂಥ್‌ನ ಸಮಪಾಲು ಶ್ರುತಿಯಲ್ಲಿ ಪಂಚಮ 700 ಸೆಂಟ್, ಶುದ್ಧ ಪಂಚಮ 702. ಇದು ಸರಿಹೋಗುತ್ತದೆ. ಅಂತರ ಗಾಂಧಾರ ಅಲ್ಲಿ 400, ತಂಬೂರಿಯಲ್ಲಿ ಕೇಳುವ ಗಾಂಧಾರ 386. ಇದು ಸರಿಹೋಗುವುದಿಲ್ಲ. ಸಿಂಥ್‌ನ ಕೈಗೆ ಷಡ್ಜ, ಪಂಚಮ ಕೊಟ್ಟು ಗಾಂಧಾರವನ್ನು ಪಿಟೀಲಿಗೆ ಬಿಟ್ಟುಬಿಡುವುದು ಕ್ಷೇಮ.

ಹಾಗಾದರೆ ಕೇಳುವಾಗ ಗುರುತಿಸುವುದು ಹೇಗೆ? ಒಂದೇ ರಚನೆಯ ಎರಡು ಕಛೇರಿ ಮುದ್ರಣ ಹುಡುಕಿ. ಯಂತ್ರದ ಭಾಗ ಎರಡರಲ್ಲೂ ಅದೇ ಗಳಿಗೆಯಲ್ಲಿ, ಅದೇ ಉದ್ದಕ್ಕೆ ಬಂದರೆ ಅದು ಟ್ರ್ಯಾಕ್. ವಿಡಿಯೊ ಇದ್ದರೆ ಕಾಲನ್ನು, ಮಿಕ್ಸರ್ ಮೇಲಿನ ಕೈಯನ್ನು ನೋಡಿ. ಹೆಡ್‌ಫೋನಿನಲ್ಲಿ ಕೇಳುವಾಗ ಊದುವಾದ್ಯ ನಿಂತ ಮೇಲಿನ ಐದಾರು ಸೆಕೆಂಡಿಗೆ ಕಿವಿ ಕೊಡಿ: ಅದರದ್ದೇ ಬಾಲ ಸಿಂಥ್ ನಾದದಲ್ಲಿ ಕರಗುತ್ತಿದ್ದರೆ ಆ ನಾದದ ಮೂಲ ಆ ಉಸಿರೇ. ಫೋನಿನ ಸ್ಪೀಕರಿನಲ್ಲಿ ಇದ್ಯಾವುದೂ ಸಿಗುವುದಿಲ್ಲ, ಬಾಸ್ ಮತ್ತು ರಿವರ್ಬ್ ಬಾಲ ಎರಡೂ ಅಲ್ಲಿ ನುಂಗಿಹೋಗುತ್ತವೆ.

ಕೇಳುವ ಕ್ರಮ ಬೇಕೆಂದರೆ ‘ಸಾಗರ’ದ ಎರಡನೇ ಆಲ್ಬಮ್ಮಿನಿಂದ ಶುರುಮಾಡಿ, ತಾಳ ನಿಮ್ಮ ಕೈಯಲ್ಲೇ ಇರುತ್ತದೆ. ಆಮೇಲೆ ‘ಲೈನ್ಸ್’, ಅದರ ನಂತರ ‘ರೀವಿಸಿಟ್’. ಕಾರ್ಲಾ ಗುಹೆಯ ಮುದ್ರಣವನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಯಂತ್ರವೇ ಇಲ್ಲ, ಆದರೆ ಉಳಿದ ಮೂರನ್ನು ಕೇಳಿದ ಕಿವಿಗೆ ಡಿಲೇ ಪೆಡಲ್ ಮಾಡುವ ಕೆಲಸವನ್ನು ಬಂಡೆ ಮಾಡುತ್ತಿರುವುದು ತಕ್ಷಣ ತಿಳಿಯುತ್ತದೆ.