ಹಿಡಿದ ಲೋಟ ಬಿಡಲು ಎಷ್ಟು ಹೊತ್ತು?

ಲಕ್ವ ಹೊಡೆದ ಕೈಗೆ ಸಾಕಷ್ಟು ಬಲ ಮರಳಿದ ಮೇಲೂ ಎಷ್ಟೋ ಮಂದಿ ಆ ಕೈಯಲ್ಲಿ ಲೋಟ ಎತ್ತುವುದಿಲ್ಲ. ಹಿಡಿಯಲು ಬರುತ್ತದೆ, ಬಿಡಲು ಬರುವುದಿಲ್ಲ. ರೋಗಿಯ ಕಡತದಲ್ಲಿ ಹಿಡಿತದ ಬಲ ಕಿಲೋ ಲೆಕ್ಕದಲ್ಲಿ ಇರುತ್ತದೆ. ಮುಷ್ಟಿ ಸಡಿಲಾಗಲು ಹಿಡಿದ ಸಮಯ ಬಹುತೇಕ ಇರುವುದಿಲ್ಲ. ಇದು ಸಣ್ಣ ಲೋಪವಲ್ಲ.

ಅಳೆಯುವುದು ಕಷ್ಟವೇನಲ್ಲ. ರೋಗಿ ಕುರ್ಚಿಯಲ್ಲಿ ಕೂತು ಮುಂಗೈಯನ್ನು ಮೇಜಿನ ಮೇಲೆ ಊರಬೇಕು. ಕೈ ಗಾಳಿಯಲ್ಲಿದ್ದರೆ ಭುಜ ಎತ್ತುವ ಶ್ರಮಕ್ಕೇ ಬೆರಳುಗಳು ತಾವಾಗಿ ಮಡಚಿಕೊಂಡು ಅಳತೆ ಕೆಡುತ್ತದೆ. ಬೆರಳು ಮಡಚುವ ಮತ್ತು ಬಿಡಿಸುವ ಸ್ನಾಯುಗಳ ಮೇಲೆ ಒಂದೊಂದು ಜೋಡಿ ಇಎಂಜಿ ಎಲೆಕ್ಟ್ರೋಡ್ (ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಅಂಟುಪಟ್ಟಿ), ಕೈಯಲ್ಲಿ ಬಲಮಾಪಕ. ಬೀಪ್ ಕೇಳಿದಾಗ ಹಿಡಿಯಬೇಕು, ಎರಡನೇ ಬೀಪ್‌ಗೆ ಬಿಡಬೇಕು. ಎರಡನೇ ಬೀಪ್‌ನಿಂದ ಮಡಚುವ ಸ್ನಾಯುವಿನ ಸಂಕೇತ ವಿಶ್ರಾಂತಿಯ ಮಟ್ಟಕ್ಕೆ ಇಳಿಯುವವರೆಗಿನ ಹೊತ್ತೇ ನಮಗೆ ಬೇಕಾದ ಅಂಕಿ. ಆರೋಗ್ಯವಂತರಲ್ಲಿ ಇದು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಲಕ್ವದ ಕೈಯಲ್ಲಿ ಹಲವು ಸೆಕೆಂಡು ಎಳೆಯಬಹುದು.

ಈ ಸಂಕೇತದ ಗ್ರಾಫ್ ಚಿಕಿತ್ಸೆಯ ದಿಕ್ಕನ್ನೂ ಸೂಚಿಸುತ್ತದೆ. ಬೀಪ್ ಆದಮೇಲೂ ಮಡಚುವ ಸ್ನಾಯು ಚಟುವಟಿಕೆಯಿಂದಿದ್ದರೆ ಬಿಡುವುದನ್ನೇ ಅಭ್ಯಾಸ ಮಾಡಿಸಬೇಕು, ಬಿಗಿತ ಹೆಚ್ಚಿದ್ದರೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದಿನ ಬಗ್ಗೆ ಯೋಚಿಸಬಹುದು. ಸ್ನಾಯು ಸುಮ್ಮನಾಗಿದ್ದೂ ಬೆರಳು ತೆರೆಯದಿದ್ದರೆ, ಬಿಡಿಸುವ ಸ್ನಾಯು ದುರ್ಬಲವಾಗಿರಬಹುದು. ಅಲ್ಲಿ ವಿದ್ಯುತ್ ಪ್ರಚೋದನೆ ನೆರವಾಗಬಹುದು. ಇನ್ನೊಬ್ಬರು ನಿಧಾನವಾಗಿ ತೆರೆಯಲು ನೋಡಿದರೂ ಬೆರಳು ಬಿಚ್ಚದಿದ್ದರೆ ಸ್ನಾಯುವೇ ಕುಗ್ಗಿರಬಹುದು. ಅದಕ್ಕೆ ಚುಚ್ಚುಮದ್ದು ಕೆಲಸ ಮಾಡುವುದಿಲ್ಲ, ಹಿಗ್ಗಿಸುವ ವ್ಯಾಯಾಮ ಮತ್ತು ಸ್ಪ್ಲಿಂಟ್ (ಬೆರಳನ್ನು ಬಿಡಿಸಿ ಹಿಡಿದಿಡುವ ಪಟ್ಟಿ) ಬೇಕು. ಮೂರೂ ಹೊರನೋಟಕ್ಕೆ ಒಂದೇ ಮುಚ್ಚಿದ ಮುಷ್ಟಿ.

ಶುರುವಾದ ಚಲನೆಯನ್ನು ನಡುವೆಯೇ ತಡೆಯುವ ಶಕ್ತಿ ಬೇರೆಯದೇ ಸಂಗತಿ. ಇದಕ್ಕೆ 'ಸ್ಟಾಪ್ ಸಿಗ್ನಲ್' ಪರೀಕ್ಷೆಯಿದೆ. ಪರದೆಯಲ್ಲಿ ಬಾಣ ಕಂಡಕೂಡಲೇ ಗುಂಡಿ ಒತ್ತಬೇಕು. ನಾಲ್ಕರಲ್ಲಿ ಒಂದು ಸಲ ಸ್ವಲ್ಪ ತಡವಾಗಿ 'ನಿಲ್ಲು' ಸಂಕೇತ ಬರುತ್ತದೆ. ತಡೆಯುವಲ್ಲಿ ಗೆದ್ದರೆ ಮುಂದಿನ ಸಂಕೇತ 50 ಮಿಲಿಸೆಕೆಂಡು ತಡ, ಸೋತರೆ 50 ಬೇಗ. ಹೀಗೆ ಸೋಲು-ಗೆಲುವು ಸಮನಾಗುವ ಹಂತ ಸಿಗುತ್ತದೆ. ಸಂಶೋಧಕರಾದ ಲೋಗನ್ ಮತ್ತು ಕೋವನ್ 1984ರಲ್ಲಿ ಇದನ್ನು 'ಒತ್ತು' ಮತ್ತು 'ನಿಲ್ಲು' ಎಂಬ ಎರಡು ಪ್ರಕ್ರಿಯೆಗಳ ಓಟದ ಪಂದ್ಯವಾಗಿ ವಿವರಿಸಿದರು. ಉದಾಹರಣೆಗೆ, ಒತ್ತುವ ಸಮಯದ ಮಧ್ಯಾಂಕ 520, 'ನಿಲ್ಲು' ಸಂಕೇತದ ಸರಾಸರಿ ತಡ 270 ಆದರೆ, ತಡೆಯಲು ಬೇಕಾದ ಸಮಯ ಸುಮಾರು 250 ಮಿಲಿಸೆಕೆಂಡು.

ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸಂಕೇತ ಬರಬಹುದೆಂದು ರೋಗಿ ಕಾಯುತ್ತ ಕೂತರೆ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. 'ಕಾಯಬೇಡಿ, ತಪ್ಪಾದರೂ ಪರವಾಗಿಲ್ಲ' ಎಂದು ಮತ್ತೆ ಮತ್ತೆ ಹೇಳಬೇಕು. 'ನಿಲ್ಲು' ಸಂಕೇತದ ಸರದಿಗಳು ಕನಿಷ್ಠ 50 ಇರಬೇಕು, ಆದರೆ ಅಷ್ಟು ಹೊತ್ತಿಗೆ ದಣಿವು ಬರುತ್ತದೆ, ಹಾಗಾಗಿ ಕಂತುಗಳಲ್ಲಿ ಮಾಡುವುದು ಲೇಸು. ಮಾತು ಗ್ರಹಿಸಲಾಗದವರಿಗೆ ಮಾಡಿ ತೋರಿಸಬೇಕು. ಎಡಬದಿಯನ್ನು ಮೆದುಳು ಗಮನಿಸದವರಲ್ಲಿ ಬಾಣ ಬಲಕ್ಕೆ ಬರಲಿ, ಇಲ್ಲವಾದರೆ ನಾವು ಅಳೆಯುವುದು ಗಮನದ ಕೊರತೆಯನ್ನೇ ಹೊರತು ಕೈಯನ್ನಲ್ಲ. ಒತ್ತುವ ಬಲವೇ ಇಲ್ಲದವರಿಗೆ ಒತ್ತಿಟ್ಟ ಬೆರಳನ್ನು ಎತ್ತುವ ಬಗೆಯ ಪರೀಕ್ಷೆ ಪ್ರಯತ್ನಿಸಬಹುದು.

ಇನ್ನೊಂದು ಎಚ್ಚರ: 'ಒಳ್ಳೆಯ' ಕೈಯನ್ನೇ ಮಾನದಂಡ ಮಾಡಬಾರದು. ಲಕ್ವದ ನಂತರ ಅದೂ ನಿಧಾನವಾಗುತ್ತದೆ. ಹೋಲಿಕೆಗೆ ಅದೇ ವಯಸ್ಸಿನ ಆರೋಗ್ಯವಂತರ ಅಂಕಿ ಬೇಕು.